ಕಾಣದ ಮೀನೂ ಹಳ್ಳದಲ್ಲಿದೆ

ಸೇಡಂ ಸೀಮೆಯ ಕಾಗಿಣಾ ನದಿ ಭೀಮೆಯ ಮೂಲಕ ಕೃಷ್ಣೆಯನ್ನು ಸೇರುತ್ತದೆ. ಈ ಕೃಷ್ಣಾ ಕೊಳ್ಳದ ಹೊಳೆಹಳ್ಳಗಳ ತಳದಲ್ಲಿ ಲೋಚ್ ಜಾತಿಯ ಸಣ್ಣ ಮೀನುಗಳಿವೆ. ಹಗಲೆಲ್ಲ ಕಲ್ಲಿನಡಿ, ಇಲ್ಲವೆ ಮರಳಿನಲ್ಲಿ ಹುದುಗಿರುತ್ತವೆ. ಕತ್ತಲಾದ ಮೇಲೆ ಬಾಯಿಯ ಸುತ್ತಲಿನ ಮೀಸೆಗಳಿಂದ ತಡವರಿಸಿ ಹುಳು ಹಿಡಿಯುತ್ತವೆ. ಗಾಜಿನ ತೊಟ್ಟಿಯಲ್ಲಿ ಸಾಕುವವರು ಇದನ್ನು ರೋಗವೆಂದು ತಿಳಿಯುವುದುಂಟು. ರೋಗವಲ್ಲ, ಹಕ್ಕಿಗೂ ದೊಡ್ಡ ಮೀನಿಗೂ ಸಿಗದಿರುವ ಹುಟ್ಟುಗುಣ. ಅಡಗಲು ಜಾಗವಿಲ್ಲದಿದ್ದರೇ ಅದು ಸೊರಗುವುದು.

ನನ್ನ ತಕರಾರು ಬೇರೆ. ತೊಗರಿಗೆ ಔಷಧ ಹೊಡೆದ ಪಂಪನ್ನು ಹಳ್ಳದಲ್ಲಿ ತೊಳೆಯುತ್ತ, 'ಇಲ್ಲಿ ಮೀನೆಲ್ಲಿದೆ?' ಎನ್ನುವವರಿದ್ದಾರೆ. ತಳದಲ್ಲಿದೆ! ಸೈಪರ್‌ಮೆಥ್ರಿನ್‌ನಂತಹ ಕೀಟನಾಶಕ ಅತ್ಯಲ್ಪ ಪ್ರಮಾಣದಲ್ಲೂ ಮೀನಿಗೆ ವಿಷ. ಅದು ತಳದ ಕೆಸರಿಗೂ ಅಂಟಿಕೊಳ್ಳುತ್ತದೆ. ಪಂಪನ್ನು ಹೊಲದಲ್ಲೇ ತೊಳೆದು, ಆ ನೀರನ್ನು ಔಷಧ ಹೊಡೆದ ಬೆಳೆಯ ಮೇಲೆಯೇ ಸಿಂಪಡಿಸಿರಿ.