ಹರಿಯಾಣದಲ್ಲಿ ನಿಕೋಬಾರ್ ಬೆಳೆಯದು

ಗ್ರೇಟ್ ನಿಕೋಬಾರ್ ದ್ವೀಪದಲ್ಲಿ ಬಂದರು, ವಿಮಾನ ನಿಲ್ದಾಣ, ಉಪನಗರಗಳಿಗಾಗಿ 130.75 ಚದರ ಕಿ.ಮೀ. ಅರಣ್ಯವನ್ನು ಬಿಟ್ಟುಕೊಡಲು ಕೇಂದ್ರ ಸರ್ಕಾರ 2022ರಲ್ಲಿ ತಾತ್ತ್ವಿಕ ಒಪ್ಪಿಗೆ ನೀಡಿತು. ಪರಿಹಾರವಾಗಿ ಗಿಡ ನೆಡಲು ಗುರುತಿಸಿದ ನೆಲ ಹರಿಯಾಣದ್ದು! ಮಳೆಕಾಡಿಗೆ ಒಣನಾಡು ಸಮವೆಂಬುದು ಯಾವ ವಿಜ್ಞಾನ?

ಕಾಡೆಂದರೆ ಮರಗಳ ಲೆಕ್ಕವಲ್ಲ. ಅಲ್ಲಿನ ಶೋಂಪೆನ್ ಜನರಿಗೆ ಕೇದಗೆಯ ಕುಲದ ಮರದ ಹಣ್ಣೇ ಮುಖ್ಯ ಆಹಾರ. ಬೀಜವನ್ನು ಶೀತಾಗಾರದಲ್ಲಿ ಕಾಪಿಡಬಹುದು. ಆ ಹಣ್ಣನ್ನು ಆಯ್ದು, ಬೇಯಿಸಿ, ತಿರುಳು ತೆಗೆಯುವ ಅರಿವು ಕಾಡಿನೊಳಗಲ್ಲದೆ ಬಾಳದು. ಅದೇ ವರ್ಷದ ನವೆಂಬರ್‌ನಲ್ಲಿ ದ್ವೀಪದ ಬುಡಕಟ್ಟು ಮಂಡಳಿ, ತಾನಿತ್ತ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಿತು. ಆ ಮಾತಿಗೆ ಬೆಲೆಯಿಲ್ಲವೆ?

ಅಕೇಶಿಯ ನೆಡುತೋಪನ್ನೇ ಕಾಡೆಂದು ಕರೆದುದನ್ನು ಕಂಡ ಮಲೆನಾಡಿಗರು ನಾವು. ಈ ಲೆಕ್ಕವನ್ನು ನಾವಾದರೂ ಒಪ್ಪಕೂಡದು. ಸಸ್ಯಗಳು ಉಳಿಯಬೇಕಾದರೆ, ಅವುಗಳನ್ನು ಬಲ್ಲವರ ನೆಲವೂ ಉಳಿಯಬೇಕು.