ಅತಿಥಿಯ ಪಾಲು

ನಮ್ಮ ಸಂಘದ ಕಳೆದ ಸರ್ವಸದಸ್ಯರ ಸಭೆಯಲ್ಲಿ ಆಪತ್ಕಾಲದ ನಿಧಿಯ ವಿಷಯ ಚರ್ಚೆಗೆ ಬಂದಿತು. ಸಾವು, ಕಾಯಿಲೆ, ನೆರೆ, ಸಾಂಕ್ರಾಮಿಕಗಳ ಹೊತ್ತಿನಲ್ಲಿ ನೆರವಾಗಲೆಂದು ಸದಸ್ಯರ ವಂತಿಗೆಯಿಂದ ಕೂಡಿಟ್ಟ ಹಣವದು. ಅದನ್ನು ಸದಸ್ಯರಿಗೆ ಮಾತ್ರ ಕೊಡಬೇಕೆ, ಸದಸ್ಯರಲ್ಲದ ಕನ್ನಡಿಗರಿಗೂ ಕೊಡಬಹುದೆ, ಕನ್ನಡಿಗರೇ ಅಲ್ಲದವರು ಬಾಗಿಲು ತಟ್ಟಿದರೆ ಏನೆನ್ನಬೇಕು ಎಂಬ ಮೂರು ಪ್ರಶ್ನೆಗಳು ಎದ್ದವು. ಮೊದಲೆರಡಕ್ಕೆ ಬೇಗನೆ ಉತ್ತರ ದೊರೆಯಿತು. ಮೂರನೆಯದು ಬಹಳ ಹೊತ್ತು ಎಳೆದಾಡಿ ಮುಂದಿನ ಸಭೆಗೆ ಉಳಿಯಿತು. ಕನ್ನಡದ ಹೆಸರಿನಲ್ಲಿ ಕೂಡಿಸಿದ ಹಣ ಕನ್ನಡಿಗರಿಗೇ ಸಲ್ಲಬೇಕೆಂದ ಹಿರಿಯರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಿಧಿ ಸಣ್ಣದು, ಕಷ್ಟಗಳು ದೊಡ್ಡವು. ಆದರೂ ನನ್ನ ಅಭಿಪ್ರಾಯ ಬೇರೆ. ಅದನ್ನು ಕಾಶಿಯ ಕೇದಾರ ಘಾಟಿನ ನೆಪದಿಂದ ಹೇಳಬಯಸುತ್ತೇನೆ. ನಾಡು ಬಿಟ್ಟು ಬಂದವರು ನಷ್ಟದ ಗಳಿಗೆಯಲ್ಲಿ ಒಬ್ಬರಿಗೊಬ್ಬರು ಏನಾಗಬೇಕು ಎಂಬ ವಿಷಯದಲ್ಲಿ ಆ ಮೆಟ್ಟಿಲುಗಳಿಗಿರುವಷ್ಟು ಹಳೆಯ ಅನುಭವ ನಮ್ಮ ಯಾವ ಸಂಘಕ್ಕೂ ಇಲ್ಲ.

ಕಾಶಿಗೆ ಹೋದ ದಕ್ಷಿಣದವರಿಗೆ ಕೇದಾರ ಘಾಟು ಪರಿಚಿತ ನೆಲ. ಕೆಂಪು ಬಿಳಿ ಪಟ್ಟೆ ಬಳಿದ ಮೆಟ್ಟಿಲುಗಳು, ನಡುವೆ ಗೌರೀಕುಂಡ, ಮೇಲೆ ಕೇದಾರೇಶ್ವರನ ಗುಡಿ. 17ನೆಯ ಶತಮಾನದ ತಮಿಳು ಸಂತ ಕುಮರಗುರುಪರರ ಪರಂಪರೆಯ ಕುಮಾರಸ್ವಾಮಿ ಮಠ ಇಲ್ಲಿಯೇ ಇದೆ. ಹಿಂದಿನ ಓಣಿಗಳು ಬಂಗಾಳಿ ಟೋಲಾಕ್ಕೆ ಸೇರುತ್ತವೆ. ಪ್ರವಾಹಕ್ಕೆ ಎದುರಾಗಿ ದಕ್ಷಿಣಕ್ಕೆ ನಡೆದರೆ ಮೊದಲು ಸಿಗುವುದು ವಿಜಯನಗರಂ ಘಾಟು. ಹೆಸರು ಕೇಳಿ ಹಂಪೆಯದೆಂದು ಹಿಗ್ಗುವ ಕನ್ನಡಿಗರುಂಟು. ಅದು ಆಂಧ್ರದ ವಿಜಯನಗರಂ ಸಂಸ್ಥಾನದ್ದು. ಇನ್ನೂ ಮುಂದೆ ಹರಿಶ್ಚಂದ್ರ ಘಾಟು, ಅದರಾಚೆ ಮೈಸೂರು ಸಂಸ್ಥಾನ ಕಟ್ಟಿಸಿದ, ಇಂದು ಕರ್ನಾಟಕದ ಹೆಸರು ಹೊತ್ತ ಘಾಟು. ಕೆಲವೇ ನಿಮಿಷಗಳ ನಡಿಗೆಯಲ್ಲಿ ತಮಿಳು, ತೆಲುಗು, ಬಂಗಾಳಿ, ಕನ್ನಡ ನಾಲ್ಕೂ ಕಿವಿಗೆ ಬೀಳುತ್ತವೆ. ತಲಕಾವೇರಿಯಿಂದ ಪೂಂಪುಹಾರಿನವರೆಗೆ ಒಂದು ನದಿಯ ನೀರಿಗಾಗಿ ಜಗಳವಾಡುವವರು ಇಲ್ಲಿ ಇನ್ನೊಂದು ನದಿಯ ನೀರಿನಲ್ಲಿ ಪಕ್ಕಪಕ್ಕದಲ್ಲಿ ಮುಳುಗೇಳುತ್ತಾರೆ.

ಕೇದಾರೇಶ್ವರನ ಸ್ಥಳಪುರಾಣವನ್ನು ಬಲ್ಲವರು ಬಲ್ಲರು. ಹಿಮಾಲಯದ ಕೇದಾರಕ್ಕೆ ನಡೆದುಹೋಗುತ್ತಿದ್ದ ಮಾಂಧಾತನಿಗೆ ಮುಪ್ಪು ಬಂದು ಕಾಲು ಸೋತಿತು. ಅವನದೊಂದು ನೇಮವಿತ್ತು: ಅಕ್ಕಿ ಬೇಳೆ ಬೇಯಿಸಿದ ಕಿಚಡಿಯನ್ನು ಎರಡು ಪಾಲು ಮಾಡಿ, ಒಂದನ್ನು ಅತಿಥಿಗೆ ಕೊಟ್ಟ ಮೇಲೆಯೇ ತಾನು ಉಣ್ಣುವುದು. ಹೋಗಲಾರದವನ ಬಳಿಗೆ ದೇವರೇ ಬಂದು ಆ ಕಿಚಡಿಯಲ್ಲಿ ನೆಲೆಸಿದನಂತೆ. ಇಂದಿಗೂ ಲಿಂಗದ ನಡುವೆ, ಪಾಲು ಮಾಡಿದ ಗೆರೆಯನ್ನು ತೋರಿಸುತ್ತಾರೆ. ಪುರಾಣವನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ನನ್ನ ಗಮನ ಸೆಳೆದುದು ಆ ಗೆರೆ. ಉಳ್ಳವನು ಉಂಡು ಮಿಕ್ಕಿದ್ದನ್ನು ಕೊಟ್ಟ ಕಥೆ ಇದಲ್ಲ. ನಡೆಯಲಾರದ ಮುದುಕನೊಬ್ಬ ತನ್ನ ತಟ್ಟೆಯ ಅನ್ನಕ್ಕೆ ಮೊದಲೇ ಗೆರೆ ಎಳೆದು, ಯಾರೆಂದು ತಿಳಿಯದವನ ಪಾಲನ್ನು ತೆಗೆದಿಟ್ಟ ಕಥೆ.

ನಮ್ಮ ಪೂರ್ವಿಕರ ಪಾಲಿಗೆ ಕಾಶಿ ಎಂದರೆ ಬಂಧುಗಳನ್ನು ಬಿಟ್ಟು ಹೋಗುವ ಜಾಗ. ಮದುವೆಯ ಕಾಶೀಯಾತ್ರೆಯ ಶಾಸ್ತ್ರವನ್ನು ನೆನೆಯಿರಿ. ಕೊಡೆ, ಕೋಲು ಹಿಡಿದು ಹೊರಟ ವರನನ್ನು ಕನ್ಯಾಪಿತೃ ತಡೆದು ಸಂಸಾರಕ್ಕೆ ಕರೆತರುತ್ತಾನೆ. ಕಾಶಿಯ ದಾರಿಯೆಂದರೆ ನೆಂಟಸ್ತಿಕೆಯಿಂದ ಹೊರಬೀಳುವ ದಾರಿ ಎಂಬುದೇ ಅದರ ಅರ್ಥ. ರೈಲು ಬರುವ ಮುನ್ನ ಹೊರಟವರು ಮರಳಿ ಬರುವ ಖಾತ್ರಿಯಿರಲಿಲ್ಲ. ಬಂದರೆ ಊರಿಗೆಲ್ಲ ಸಮಾರಾಧನೆ ನಡೆಯುತ್ತಿತ್ತು. ಬಾರದಿದ್ದವರಿಗೆ ಆ ಘಟ್ಟಗಳಲ್ಲಿ ಹೆಗಲು ಕೊಟ್ಟವರು ಯಾರು? ಅವರ ಮಗನಲ್ಲ, ತಮ್ಮನಲ್ಲ. ಅದೇ ಛತ್ರದಲ್ಲಿ ತಂಗಿದ್ದ ಯಾರೋ ಒಬ್ಬರು. ಇಂಥ ಸಾವುಗಳನ್ನು ನಮ್ಮ ವಿಧಿಗಳೂ ಮರೆತಿಲ್ಲ. ತರ್ಪಣದಲ್ಲಿ ತಂದೆ ತಾಯಿಗಳ, ಅಜ್ಜ ಅಜ್ಜಿಯರ ಸರದಿ ಮುಗಿದ ಮೇಲೆ ಒಂದು ಬೊಗಸೆ ನೀರು ಬಂಧುಗಳಲ್ಲದವರಿಗೆ, ಬೇರೆ ಜನ್ಮದಲ್ಲಿ ಬಂಧುಗಳಾಗಿದ್ದವರಿಗೆ, ನೀರು ಬಿಡುವ ಮಕ್ಕಳಿಲ್ಲದವರಿಗೆ ಸಲ್ಲುತ್ತದೆ. ಅವರು ಯಾವ ಭಾಷೆಯವರೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ಕನ್ನಡಿಗರು ಈ ನೆಲವನ್ನು ಮೊದಲು ಕಂಡದ್ದು ಕಾವ್ಯದಲ್ಲಿ. 13ನೆಯ ಶತಮಾನದಲ್ಲಿ ರಾಘವಾಂಕ ತನ್ನ ಹರಿಶ್ಚಂದ್ರನನ್ನು ರಾಜ್ಯ ಕಳೆದುಕೊಂಡವನನ್ನಾಗಿ ಕಾಶಿಗೆ ಕರೆತಂದ. ಹೆಂಡತಿ ಮಗನನ್ನು ಮಾರಿ, ತಾನೂ ವೀರಬಾಹುಕನಿಗೆ ಮಾರಿಕೊಂಡು ಸುಡುಗಾಡು ಕಾಯುವ ದೊರೆಯ ಮುಂದೆ ಚಂದ್ರಮತಿ ಸತ್ತ ಮಗನನ್ನು ತಂದು ಮಲಗಿಸುತ್ತಾಳೆ. ಅವನು ಒಡೆಯನಿಗೆ ಸಲ್ಲಬೇಕಾದ ತೆರೆಯನ್ನು ಕೇಳುತ್ತಾನೆ. ನಾವು ಈ ಪ್ರಸಂಗವನ್ನು ಸತ್ಯದ ಪರೀಕ್ಷೆಯೆಂದು ಓದುತ್ತ ಬಂದಿದ್ದೇವೆ. ಹೊರನಾಡಿನಲ್ಲಿ ಬದುಕಿದವನಿಗೆ ಅದರಲ್ಲಿ ಇನ್ನೊಂದು ನೋವು ಕಾಣುತ್ತದೆ: ಪರವೂರಿನಲ್ಲಿ ಮಗುವಿನ ಹೆಣವನ್ನು ಎತ್ತಿಕೊಂಡು ಒಬ್ಬಳೇ ನಡೆದ ತಾಯಿ. ಮಸಣದವರೆಗೆ ಅವಳೊಡನೆ ಬರಲು ಆ ಮಹಾನಗರದಲ್ಲಿ ಒಂದು ಜೀವವಿರಲಿಲ್ಲ. ನಮ್ಮ ಅನೇಕ ಹೊರನಾಡ ಸಂಘಗಳ ಹಿರಿಯರು ತಮ್ಮ ಸಂಘ ಹುಟ್ಟಿದ ಬಗೆಯನ್ನು ಹೇಳುವಾಗ ನಾಟಕ, ಹಬ್ಬಗಳ ಜೊತೆಗೆ ಇಂಥದೊಂದು ದಿನವನ್ನೂ ನೆನೆಯುತ್ತಾರೆ. ನಾಲ್ಕು ಹೆಗಲು ಸಾಲದೆ ಹೋದ ದಿನ ಅದು.

ಅದೇ ಹರಿಶ್ಚಂದ್ರ ಘಾಟಿನಲ್ಲಿ ಇಂದಿಗೂ ಚಿತೆಗೆ ಬೆಂಕಿ ಕೊಡುವವರು ಡೋಮ್ ಸಮುದಾಯದವರು. ಕಾಶಿಯ ಮೋಕ್ಷಕ್ಕೆ ಅವರಿಲ್ಲದೆ ದಾರಿಯಿಲ್ಲ. ಆದರೆ ಮೋಕ್ಷ ಬಯಸಿ ಬಂದವರು ಅವರನ್ನು ಶತಮಾನಗಳ ಕಾಲ ಮುಟ್ಟಲಿಲ್ಲ. ಕಾಶಿಯನ್ನು ಮಾನವಪ್ರೇಮದ ನಂದನವೆಂದು ಬಣ್ಣಿಸುವುದು ನನ್ನ ಉದ್ದೇಶವಲ್ಲ. ಅಲ್ಲಿ ದಲ್ಲಾಳಿಗಳಿದ್ದಾರೆ, ದುಃಖದಲ್ಲಿರುವವನ ಜೇಬು ತೂಗುವವರಿದ್ದಾರೆ, ಜಾತಿಯ ಗೋಡೆಗಳಿವೆ. ಅವುಗಳ ನಡುವೆಯೂ ಮುರಿಯದೆ ಉಳಿದ ಬಂಧ ಯಾವುದು ಎಂಬುದಷ್ಟೇ ನನ್ನ ಪ್ರಶ್ನೆ.

ಗಂಗೆ ಪ್ರತಿ ಮಳೆಗಾಲ ಕೇದಾರದ ಮೆಟ್ಟಿಲುಗಳನ್ನು ನುಂಗುತ್ತಾಳೆ. 1978ರ ಸೆಪ್ಟೆಂಬರಿನಲ್ಲಿ ವಾರಾಣಸಿಯಲ್ಲಿ ನೀರಿನ ಮಟ್ಟ 73.9 ಮೀಟರಿಗೆ ಏರಿತ್ತು. ಅಪಾಯದ ಮಟ್ಟ 71.26 ಮೀಟರು. ನೆರೆ ಏರಿದಾಗ ಹರಿಶ್ಚಂದ್ರ ಘಾಟಿನ ಚಿತೆಗಳು ಓಣಿಗೆ ಬರುತ್ತವೆ. ನೀರು ಇಳಿದ ಮೇಲೆ ಮೆಟ್ಟಿಲುಗಳ ಮೇಲೆ ಆಳೆತ್ತರದ ಹೂಳು ಉಳಿಯುತ್ತದೆ. ಅದನ್ನು ಗುದ್ದಲಿಯಿಂದ ಕಡಿದು, ನೀರು ಹಾಯಿಸಿ ತೊಳೆದು ಮತ್ತೆ ನದಿಗೆ ತಳ್ಳುತ್ತಾರೆ. ಮರುವರ್ಷ ಅದೇ ಕೆಲಸ. ಚೇತರಿಕೆ ಎಂಬುದು ಅಲ್ಲಿ ದೊಡ್ಡ ಮಾತಲ್ಲ, ವಾರ್ಷಿಕ ದುಡಿಮೆ.

ಈಚಿನ ದೊಡ್ಡ ಪರೀಕ್ಷೆ ಬಂದದ್ದು ನೀರಿನಿಂದಲ್ಲ. 2020ರ ಮಾರ್ಚ್ 25ರಂದು ದೇಶವೆಲ್ಲ ಬಾಗಿಲು ಮುಚ್ಚಿದಾಗ ದಕ್ಷಿಣದ ನೂರಾರು ಯಾತ್ರಿಕರು ಕಾಶಿಯಲ್ಲಿ ಸಿಕ್ಕಿಬಿದ್ದರು. ಅವರಲ್ಲಿ ವಯಸ್ಸಾದವರೇ ಹೆಚ್ಚು. ರೈಲಿಲ್ಲ, ಅಂಗಡಿಯಿಲ್ಲ, ದಿನಗಳ ಲೆಕ್ಕಕ್ಕೆ ತಂದ ಹಣ ವಾರಗಳಿಗೆ ಸಾಲದು. ಮಠಗಳು, ಛತ್ರಗಳು, ಧರ್ಮಶಾಲೆಗಳು ಅವರಿಗೆ ನೆಲೆಯಾದವು. ಏಪ್ರಿಲ್ ನಡುವಿನಲ್ಲಿ ಬಸ್ಸುಗಳ ಏರ್ಪಾಡಾಗಿ ಅವರು ಊರಿನ ದಾರಿ ಹಿಡಿದರು. ಆ ವಾರಗಳಲ್ಲಿ ಬಡಿಸುವವನು ಎಲೆಯ ಮುಂದೆ ಕುಳಿತವರ ಮಾತೃಭಾಷೆ ಕೇಳಿ ಅನ್ನ ಬಡಿಸಿದ್ದರೆ ನಮ್ಮವರ ಗತಿ ಏನಾಗುತ್ತಿತ್ತು?

ಈ ಪ್ರಶ್ನೆಗೆ ನಮ್ಮ ಕಡೆಯ ಲೆಕ್ಕವನ್ನೂ ಒಪ್ಪಿಸಬೇಕು. ಅದೇ ಹೊತ್ತಿನಲ್ಲಿ ಉತ್ತರಪ್ರದೇಶ, ಬಿಹಾರಗಳ ಸಾವಿರಾರು ಕಟ್ಟಡ ಕಾರ್ಮಿಕರು ಬೆಂಗಳೂರಿನಲ್ಲಿ ಸಿಕ್ಕಿಬಿದ್ದಿದ್ದರು. ಮೇ ತಿಂಗಳ ಮೊದಲ ವಾರದಲ್ಲಿ, ಅವರನ್ನು ಊರಿಗೊಯ್ಯಬೇಕಿದ್ದ ವಿಶೇಷ ರೈಲುಗಳು ಬೇಡವೆಂದು ಕರ್ನಾಟಕ ಸರ್ಕಾರ ರೈಲ್ವೆಗೆ ಬರೆಯಿತು. ಕಟ್ಟಡದ ಕೆಲಸ ನಿಲ್ಲಬಾರದೆಂಬುದೇ ಅದರ ಹಿಂದಿದ್ದ ಚಿಂತೆ. ಎಲ್ಲೆಡೆಯಿಂದ ಟೀಕೆ ಬಂದಮೇಲೆ ಕೆಲವೇ ದಿನಗಳಲ್ಲಿ ನಿರ್ಧಾರ ಬದಲಾಯಿತು. ಆದರೆ ಆ ದಿನಗಳಲ್ಲಿ ಗಂಟು ಕಟ್ಟಿಕೊಂಡು ಹೆದ್ದಾರಿಯಲ್ಲಿ ನಡೆದವರು ಅದನ್ನು ಮರೆತಿರಲಾರರು. ಗಂಗೆಯ ತೀರದಲ್ಲಿ ನಮ್ಮ ಮುದುಕರಿಗೆ ಅನ್ನ ದೊರೆತಾಗ, ಗಂಗೆಯ ಬಯಲಿನ ಮಕ್ಕಳನ್ನು ನಾವು ದುಡಿಮೆಯ ತೋಳುಗಳೆಂದಷ್ಟೇ ಎಣಿಸಿದೆವು. ಅದೇ ಬೆಂಗಳೂರಿನಲ್ಲಿ ಅವರಿಗಾಗಿ ಅನ್ನದ ಪೊಟ್ಟಣ ಕಟ್ಟಿದ ಕೈಗಳೂ ಇದ್ದವು. ಎರಡೂ ನಿಜ, ಎರಡೂ ನಮ್ಮವೇ.

2021ರ ಏಪ್ರಿಲ್, ಮೇ ತಿಂಗಳುಗಳು ಇನ್ನೂ ಕ್ರೂರ. ಹರಿಶ್ಚಂದ್ರ ಘಾಟಿನಲ್ಲಿ ಹೆಣಗಳ ಸಾಲು ಹಗಲಿರುಳು ಕರಗಲಿಲ್ಲ. ಬೆಂಗಳೂರಿನಲ್ಲಿ ಚಿತಾಗಾರಗಳು ಸಾಲದೆ ತಾವರೆಕೆರೆಯಲ್ಲಿ, ಗಿಡ್ಡೇನಹಳ್ಳಿಯ ಕಲ್ಲುಕ್ವಾರಿಯಲ್ಲಿ ಬಯಲಲ್ಲೇ ಸುಡಬೇಕಾಯಿತು. ಮಕ್ಕಳೇ ಹತ್ತಿರ ಬರಲು ಹೆದರಿದ ದೇಹಗಳನ್ನು ಮುಸ್ಲಿಂ ತರುಣರ ಸ್ವಯಂಸೇವಾ ತಂಡಗಳು ಹೊತ್ತವು. ಹಿಂದೂವಿಗೆ ಚಿತೆಯನ್ನೂ ಕ್ರೈಸ್ತನಿಗೆ ಗೋರಿಯನ್ನೂ ಅವರವರ ಪದ್ಧತಿಯಂತೆ ಒದಗಿಸಿದವು. ಆ ವರ್ಷದ ಜೂನ್ ಆರಂಭದಲ್ಲಿ, ಯಾರೂ ಬಂದು ಕೇಳದೆ ಉಳಿದಿದ್ದ ಐನೂರಕ್ಕೂ ಹೆಚ್ಚು ಜನರ ಚಿತಾಭಸ್ಮವನ್ನು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲೂಕಿನ ಬೆಳಕವಾಡಿಯ ಬಳಿ ರಾಜ್ಯ ಸರ್ಕಾರವೇ ಕಾವೇರಿಯಲ್ಲಿ ವಿಸರ್ಜಿಸಿತು. ಬಂಧುಗಳಲ್ಲದವರಿಗೆ ಬಿಡುವ ಆ ಒಂದು ಬೊಗಸೆ ನೀರು ಅಂದು ಕಾವೇರಿಯದಾಗಿತ್ತು. ಆ ಬೂದಿಯಲ್ಲಿ ಕನ್ನಡಿಗರೆಷ್ಟು, ತಮಿಳರೆಷ್ಟು, ಬಿಹಾರಿಗಳೆಷ್ಟು ಎಂದು ಯಾರು ಬೇರ್ಪಡಿಸಬಲ್ಲರು? ಅದು ಹರಿದುಹೋದದ್ದು ತಮಿಳುನಾಡಿನ ಕಡೆಗೆ.

ಕಾವೇರಿಯ ಹೆಸರು ಬಂದ ಮೇಲೆ 1991ರ ಡಿಸೆಂಬರನ್ನು ನೆನೆಯದೆ ಇರಲಾಗದು. ನ್ಯಾಯಮಂಡಳಿಯ ಮಧ್ಯಂತರ ಆದೇಶ ಗೆಜೆಟ್ಟಿನಲ್ಲಿ ಪ್ರಕಟವಾದ ಬೆನ್ನಲ್ಲೇ ಬೆಂಗಳೂರಿನಲ್ಲಿಯೂ ಮೈಸೂರಿನ ಸೀಮೆಯಲ್ಲಿಯೂ ತಮಿಳರ ಮೇಲೆ ಹಲ್ಲೆಗಳಾದವು. ಸಾವಿರಾರು ಕುಟುಂಬಗಳು ಗಡಿ ದಾಟಿ ಓಡಿದವು. ತಮಿಳುನಾಡಿನಲ್ಲಿ ನೆಲೆಸಿದ ಕನ್ನಡಿಗರೂ ಭಯದ ದಿನಗಳನ್ನು ಕಂಡರು. 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಉರಿದಾಗ ಚೆನ್ನೈಯ ಕನ್ನಡಿಗರ ಮನೆಗಳಲ್ಲಿ ನಿದ್ದೆಯಿರಲಿಲ್ಲ. ಒಳನಾಡಿನಲ್ಲಿ ಹಚ್ಚಿದ ಬೆಂಕಿಯ ಶಾಖ ಮೊದಲು ತಗಲುವುದು ಹೊರನಾಡಿನವನಿಗೆ. ನೀರಿನ ಹಕ್ಕಿಗಾಗಿ ನ್ಯಾಯಾಲಯದಲ್ಲಿ ವಾದಿಸೋಣ, ಬೀದಿಯಲ್ಲಿ ಶಾಂತವಾಗಿ ಕೂಗೋಣ. ಅದರಲ್ಲಿ ಸಂಕೋಚ ಬೇಡ. ಆದರೆ ನೆರೆಮನೆಯ ತಮಿಳನ ಕದ ಕಾಯುವವನು ಮಾತ್ರ, ನಾಳೆ ಅವನ ಊರಿನಲ್ಲಿರುವ ತನ್ನ ತಂಗಿಯ ಕದವನ್ನೂ ಕಾಯುವ ಭರವಸೆ ಇಟ್ಟುಕೊಳ್ಳಬಹುದು.

ನಿಧಿ ಸಣ್ಣದೆಂಬ ಆಕ್ಷೇಪಕ್ಕೆ ಮರಳುತ್ತೇನೆ. ಎಲ್ಲರಿಗೂ ಕೊಡಹೊರಟರೆ ನಮ್ಮವರಿಗೇ ಸಾಲದೆ ಹೋದೀತೆಂಬ ಅಂಜಿಕೆ ಸಹಜ. ಅದಕ್ಕಾಗಿಯೇ ಗೆರೆಯ ಮಾತು ಹೇಳಿದೆ. ಮಾಂಧಾತನಂತೆ ಅರ್ಧ ಕೊಡೋಣವೆನ್ನುವ ಧೈರ್ಯ ನನಗಿಲ್ಲ. ನಿಧಿಯ ನಾಲ್ಕರಲ್ಲಿ ಒಂದು ಪಾಲನ್ನು ಅತಿಥಿಯ ಪಾಲೆಂದು ಮೊದಲೇ ತೆಗೆದಿಡೋಣ. ಅದನ್ನು ಕೊಡುವಾಗ ಭಾಷೆ, ಜಾತಿ, ಧರ್ಮ ಕೇಳದಿರೋಣ. ಉಳಿದ ಮೂರು ಪಾಲು ಕನ್ನಡಿಗರಿಗೇ ಇರಲಿ. ಹಣಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಸರಿರಾತ್ರಿಯಲ್ಲಿ ಕರೆದರೂ ಆಸ್ಪತ್ರೆಗೆ, ಮಸಣಕ್ಕೆ ಬರಲು ಒಪ್ಪುವ ಸದಸ್ಯರ ಪಟ್ಟಿಯೊಂದು ಪ್ರತಿ ಸಂಘದಲ್ಲೂ ಇರಬೇಕು. ರಾಜ್ಯೋತ್ಸವದ ವೇದಿಕೆಗೆ ಹೆಸರು ಕೊಡುವವರ ಕೊರತೆ ನಮಗೆಂದೂ ಆಗಿಲ್ಲ. ಈ ಪಟ್ಟಿಗೂ ಆಗದಿರಲಿ.

ಇದರಿಂದ ಕನ್ನಡ ಬಡವಾಗುವುದೆಂದು ನಾನು ಭಾವಿಸುವುದಿಲ್ಲ. ಪರವೂರಿನವರು ಕನ್ನಡವನ್ನು ನಮ್ಮ ಕಾವ್ಯಗಳಿಂದ ಅರಿಯುವುದಿಲ್ಲ. ಅವರ ಮನೆಯಲ್ಲಿ ಸಾವಾದ ದಿನ ಮೊದಲು ಬಂದು ನಿಂತವರು ಯಾವ ಭಾಷೆಯಲ್ಲಿ ತಮ್ಮೊಳಗೆ ಮಾತಾಡಿಕೊಳ್ಳುತ್ತಿದ್ದರು ಎಂಬುದನ್ನು ಅವರು ನೆನಪಿಡುತ್ತಾರೆ. ಮುಂದಿನ ಸಭೆಯಲ್ಲಿ ಈ ಸೂಚನೆಯನ್ನು ಮಂಡಿಸಲಿದ್ದೇನೆ. ಒಪ್ಪುವವರೂ ಒಪ್ಪದವರೂ ತಮ್ಮ ಅಭಿಪ್ರಾಯವನ್ನು ಬರೆದು ಕಳಿಸಬೇಕೆಂದು ಕೋರುತ್ತೇನೆ. ಎರಡನ್ನೂ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.