ಹೊಗಳಿಕೆ ಪಗಾರವಲ್ಲ

ದುಡಿಯುವವರನ್ನು ಹುರಿದುಂಬಿಸಬೇಕು ಎಂಬ ಮಾತು ಈಗ ಎಲ್ಲೆಲ್ಲೂ ಕೇಳಿಬರುತ್ತಿದೆ. ಕಾರ್ಖಾನೆಯ ವಾರ್ಷಿಕೋತ್ಸವದಲ್ಲಿ, ಬ್ಯಾಂಕಿನ ಸಭೆಯಲ್ಲಿ, ಶಿಕ್ಷಕರ ತರಬೇತಿ ಶಿಬಿರದಲ್ಲಿ ಸಹ ಒಬ್ಬರು ಕೋಟು ಹಾಕಿಕೊಂಡು ಬಂದು ಎರಡು ತಾಸು ಮಾತಾಡಿ, ನಗಿಸಿ, ಚಪ್ಪಾಳೆ ಹೊಡೆಸಿ ಹೋಗುತ್ತಾರೆ. ಮನಸ್ಸು ಮಾಡಿದರೆ ಎಲ್ಲವೂ ಸಾಧ್ಯ, ಇದು ಕಂಪನಿಯಲ್ಲ ನಮ್ಮ ಮನೆ, ನಾವೆಲ್ಲ ಒಂದೇ ಕುಟುಂಬ – ಇಂಥವೇ ಮಾತುಗಳು. ಈ ಮಾತುಗಳ ಬಗೆಗೆ ನನ್ನದೊಂದು ದೊಡ್ಡ ತಕರಾರಿದೆ. ಹುರಿದುಂಬಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಕೊಡಬೇಕಾದದ್ದನ್ನು ಕೊಡದೆ ಹುರಿದುಂಬಿಸುವುದು ಮೋಸ ಎಂದು ಹೇಳುತ್ತಿದ್ದೇನೆ.

ಬೆಳಗಾವಿಯಿಂದ ಖಾನಾಪುರದ ರಸ್ತೆ ಹಿಡಿದು ಉದ್ಯಮಬಾಗ, ಪೀರನವಾಡಿ ದಾಟಿದರೆ ನಮ್ಮ ಮಚ್ಛೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇರುವುದು ಇಲ್ಲಿಯೇ. ಫೌಂಡ್ರಿಗಳು, ಲೇಥು ಮಶೀನುಗಳ ಶೆಡ್ಡುಗಳು ಇರುವುದೂ ಇಲ್ಲಿಯೇ. ಒಂದು ಕಡೆ ಎಂಜಿನಿಯರುಗಳು ತಯಾರಾಗುತ್ತಾರೆ, ಇನ್ನೊಂದು ಕಡೆ ಎರಕ ಹೊಯ್ದ ಬಿಡಿಭಾಗಗಳು ತಯಾರಾಗುತ್ತವೆ. ನನ್ನ ತರಗತಿಯ ಮಕ್ಕಳಲ್ಲಿ ಅನೇಕರ ತಂದೆತಾಯಿ ಈ ಶೆಡ್ಡುಗಳಲ್ಲಿ ದುಡಿಯುವವರು. ತಂದೆ ಎರಕದ ಕಡೆಗಿದ್ದರೆ ತಾಯಿ ಮಾಲು ಒರೆಸಿ, ಎಣಿಸಿ, ಪ್ಯಾಕು ಮಾಡುವ ಕಡೆ. ಪಾಲಕರ ಸಭೆಗೆ ತಾಯಂದಿರು ಯಾಕೆ ಬರುವುದಿಲ್ಲವೆಂದು ನಾವು ಶಿಕ್ಷಕಿಯರು ಗೊಣಗುವುದುಂಟು. ಒಂದು ತಾಸು ಬಿಟ್ಟು ಬಂದರೆ ಅರ್ಧ ದಿನದ ಹಾಜರಿ ಹೋಗುತ್ತದೆ ಎಂಬುದು ಅವರ ಉತ್ತರ.

ಅಂಥ ತಾಯಿಯೊಬ್ಬಳು ಒಮ್ಮೆ ನನಗೊಂದು ಸರ್ಟಿಫಿಕೇಟು ತೋರಿಸಿದಳು. ಚಂದದ ಬಂಗಾರದ ಅಂಚು, ನಡುವೆ ಇಂಗ್ಲಿಷಿನಲ್ಲಿ ಆಕೆಯ ಹೆಸರು. ಏನು ಬರೆದಿದೆ ಓದಿ ಹೇಳಿರೆಂದು ಕೇಳಿದಳು. ತಿಂಗಳ ಉತ್ತಮ ಕೆಲಸಗಾರ್ತಿ ಎಂದಿತ್ತು, ಓದಿ ಹೇಳಿದೆ. “ಫೋಟೋನೂ ಹಚ್ಚ್ಯಾರ್ರೀ ಬಾಯಾರ ಗ್ವಾಡಿಗೆ. ಓಟಿ ರೊಕ್ಕ ಮಾತ್ರ ಮೂರು ತಿಂಗಳಿಂದ ಬಂದಿಲ್ಲರಿ” ಎಂದಳು. ಆಕೆಯ ಮಾತಿನಲ್ಲಿ ಸಿಟ್ಟಿರಲಿಲ್ಲ, ಲೆಕ್ಕವಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆಯನ್ನು ನಾವು ಬಡವರ ಡೌಲಿಗೆ ಹೇಳುತ್ತೇವೆ. ಇಲ್ಲಿ ಮಲ್ಲಿಗೆ ಮುಡಿಸಿದವರು ಬೇರೆಯವರು, ಹಿಟ್ಟು ಹಿಡಿದಿಟ್ಟುಕೊಂಡವರೂ ಅವರೇ.

ನಮ್ಮ ಹುಡುಗಿಯರು ಪಿಯುಸಿಯಲ್ಲಿ ವಾಣಿಜ್ಯ ತೆಗೆದುಕೊಂಡರೆ ನಿರ್ದೇಶನ ಎಂಬ ಪಾಠ ಓದುತ್ತಾರೆ. ಅದಕ್ಕೆ ನಾಲ್ಕು ಅಂಶಗಳು: ಮೇಲ್ವಿಚಾರಣೆ, ಅಭಿಪ್ರೇರಣೆ, ನಾಯಕತ್ವ, ಸಂವಹನ. ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ, ಅಂಕವನ್ನೂ ಪಡೆಯುತ್ತಾರೆ. ಪಾಠ ಕೆಟ್ಟದ್ದಲ್ಲ. ಕೆಲಸ ಏನೆಂದು ತಿಳಿಸಿ ಹೇಳಬೇಕು, ಮಾಡುವಾಗ ಜೊತೆಗಿರಬೇಕು, ಮಾಡಲು ಮನಸ್ಸು ಬರುವಂತೆ ನಡೆದುಕೊಳ್ಳಬೇಕು, ಅವರ ಮಾತನ್ನೂ ಕೇಳಬೇಕು ಎಂಬುದೇ ಅದರ ಸಾರ. ಗಮನಿಸಿ, ಈ ನಾಲ್ಕೂ ಕೆಲಸ ಮಾಡಿಸುವವನ ಕರ್ತವ್ಯಗಳು. ಶೆಡ್ಡಿನೊಳಗೆ ಹೋದರೆ ಪಾಠ ತಲೆಕೆಳಗಾಗುತ್ತದೆ. ಮೇಲ್ವಿಚಾರಣೆಯೆಂದರೆ ಮುಕಾದಮನ ಕೂಗಾಟ. ಸಂವಹನವೆಂದರೆ ಕನ್ನಡ, ಮರಾಠಿ, ಹಿಂದಿ ಆಡುವ ಜನರ ಎದುರಿಗೆ ಇಂಗ್ಲಿಷಿನ ನೋಟಿಸು. ಅಭಿಪ್ರೇರಣೆಯೆಂದರೆ ಗೋಡೆಯ ಮೇಲಿನ ಸುಭಾಷಿತ. ಕೆಲಸ ಕೆಟ್ಟರೆ ಮಾತ್ರ ತಪ್ಪು ಕೆಲಸಗಾರರದ್ದು: ಇವರಿಗೆ ಉತ್ಸಾಹವೇ ಇಲ್ಲ ನೋಡಿ!

ಕೋಟಿನ ಭಾಷಣಕಾರರು ದೊಡ್ಡ ದೊಡ್ಡ ಹೆಸರುಗಳನ್ನು ಹೇಳುತ್ತಾರೆ. ಆ ಹೆಸರುಗಳ ಹಿಂದಿನ ಕಥೆಯನ್ನು ಅರ್ಧ ಮಾತ್ರ ಹೇಳುತ್ತಾರೆ. ಅಮೆರಿಕದ ಟೇಲರ್ 1911ರಲ್ಲಿ ವೈಜ್ಞಾನಿಕ ನಿರ್ವಹಣೆಯ ಪುಸ್ತಕ ಬರೆದ. ದಿನಕ್ಕೆ ಹನ್ನೆರಡೂವರೆ ಟನ್ ಕಬ್ಬಿಣ ಹೊರುತ್ತಿದ್ದವನಿಂದ 47 ಟನ್ ಹೊರಿಸಿದೆನೆಂದು ಅದರಲ್ಲಿ ಹೆಮ್ಮೆಯಿಂದ ಹೇಳಿದ. ಹೊರೆ ನಾಲ್ಕು ಪಟ್ಟಿನ ಹತ್ತಿರ ಹೋಯಿತು. ಕೂಲಿ 1 ಡಾಲರ್ 15 ಸೆಂಟಿನಿಂದ 1 ಡಾಲರ್ 85 ಸೆಂಟಿಗೆ ಏರಿತು, ಎರಡು ಪಟ್ಟೂ ಆಗಲಿಲ್ಲ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವ ಹೆಂಗಸಿಗೆ ಈ ಲೆಕ್ಕ ತಿಳಿಯಲು ಡಿಗ್ರಿ ಬೇಕಿಲ್ಲ.

ಆಮೇಲೆ ಬಂದದ್ದು ಶಿಕಾಗೋ ಹತ್ತಿರದ ಹಾಥಾರ್ನ್ ಕಾರ್ಖಾನೆಯ ಕಥೆ. 1927ರಿಂದ ಕೆಲವು ಹೆಣ್ಣುಮಕ್ಕಳನ್ನು ಒಂದು ಪ್ರತ್ಯೇಕ ಕೋಣೆಯಲ್ಲಿ ಕೂರಿಸಿ, ಟೆಲಿಫೋನಿನ ರಿಲೇ ಜೋಡಿಸುವ ಕೆಲಸ ಕೊಟ್ಟು ವರ್ಷಗಟ್ಟಲೆ ಗಮನಿಸಿದರು. ಉತ್ಪಾದನೆ ಏರಿತು. ನಾಲ್ಕು ಒಳ್ಳೆಯ ಮಾತು, ಒಂದಿಷ್ಟು ಗಮನ ಸಿಕ್ಕರೆ ಸಾಕು, ಜನ ಹುಮ್ಮಸ್ಸಿನಿಂದ ದುಡಿಯುತ್ತಾರೆ ಎಂಬುದು ಅದರಿಂದ ತೆಗೆದ ನೀತಿ. ಆದರೆ ಆ ಕೋಣೆಯಲ್ಲಿ ಕೂಲಿಯ ಲೆಕ್ಕವನ್ನೂ ಬದಲಿಸಿದ್ದರು. ಆ ಚಿಕ್ಕ ಗುಂಪು ಹೆಚ್ಚು ಮಾಡಿದರೆ ಆ ಗುಂಪಿಗೇ ಹೆಚ್ಚು ಹಣ ಸಿಗುತ್ತಿತ್ತು. ನಡುನಡುವೆ ವಿಶ್ರಾಂತಿಯನ್ನೂ ಕೊಟ್ಟಿದ್ದರು. ಇನ್ನೊಂದು ಮಾತನ್ನಂತೂ ಯಾರೂ ಹೇಳುವುದಿಲ್ಲ: ಬಹಳ ಮಾತಾಡುತ್ತಾರೆ, ಹೇಳಿದಂತೆ ಕೇಳುವುದಿಲ್ಲ ಎಂದು 1928ರ ಆರಂಭದಲ್ಲಿ ಇಬ್ಬರನ್ನು ಆ ಕೋಣೆಯಿಂದ ತೆಗೆದು ಬೇರೆ ಇಬ್ಬರನ್ನು ತಂದು ಕೂರಿಸಿದ್ದರು. ಪ್ರೀತಿಯ ಪ್ರಯೋಗದಲ್ಲಿಯೂ ಎದುರು ಮಾತಾಡಿದವಳಿಗೆ ಬಾಗಿಲು ತೋರಿಸಲಾಯಿತು.

ಇನ್ನು ಹರ್ಜ್‌ಬರ್ಗ್ ಎಂಬವರು 1959ರಲ್ಲಿ, ಪಗಾರ ಮನುಷ್ಯನನ್ನು ಹುರಿದುಂಬಿಸುವುದಿಲ್ಲ, ಕೆಲಸದ ತೃಪ್ತಿ ಹುರಿದುಂಬಿಸುತ್ತದೆ ಎಂದರು. ಮಾಲಕರಿಗೆ ಈ ಮಾತು ಬಲು ಇಷ್ಟ. ಅವರು ಕೇಳಿದ್ದು ಸುಮಾರು 200 ಎಂಜಿನಿಯರುಗಳನ್ನು ಮತ್ತು ಲೆಕ್ಕಿಗರನ್ನು. ತಿಂಗಳ ಕೊನೆಗೆ ಕಿರಾಣಿ ಅಂಗಡಿಯ ಉದ್ರಿ ನೆನೆದು ನಿದ್ದೆಗೆಡುವ ಹೆಂಗಸನ್ನು ಕೇಳಿದ್ದರೆ ಉತ್ತರ ಬೇರೆ ಬರುತ್ತಿತ್ತು. ಅಷ್ಟಾಗಿಯೂ ಅವರು ಇನ್ನೊಂದು ಮಾತು ಸೇರಿಸಿದ್ದರು: ಪಗಾರ, ಕೆಲಸದ ಜಾಗ ಸರಿಯಿಲ್ಲದಿದ್ದರೆ ಅತೃಪ್ತಿ ಬೆಳೆಯುತ್ತದೆ. ಭಾಷಣದಲ್ಲಿ ಆ ಅರ್ಧ ಮಾಯವಾಗುತ್ತದೆ.

ಮಾತಿನಿಂದ ಹೊಟ್ಟೆ ತುಂಬಿಸಲು ಹೋದರೆ ಏನಾಗುತ್ತದೆಂದು ನಮ್ಮ ರಾಜ್ಯವೇ ನೋಡಿದೆ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ಐಫೋನು ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕೆಲಸಗಾರರು ಗಾಜು ಒಡೆದು, ಸಾಮಾನು ಪುಡಿ ಮಾಡಿದರು. ಒಡೆದದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಒಂದೇ ವಾರದಲ್ಲಿ ಕಂಪನಿಯೇ ಒಪ್ಪಿಕೊಂಡಿತು: ಕೆಲವರಿಗೆ ಪಗಾರ ಸರಿಯಾಗಿ, ಸಮಯಕ್ಕೆ ಕೊಟ್ಟಿರಲಿಲ್ಲ. ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಸ್ವಲ್ಪವೇ ಸಮಯದಲ್ಲಿ 5,000 ಇದ್ದ ಜನ 10,500 ಆಗಿದ್ದರು, ಅವರನ್ನು ನೋಡಿಕೊಳ್ಳುವ ವ್ಯವಸ್ಥೆ ಮಾತ್ರ ಬೆಳೆದಿರಲಿಲ್ಲ ಎಂದು ಕಾರ್ಖಾನೆಗಳ ಇಲಾಖೆಯ ಪರಿಶೀಲನೆಯಲ್ಲಿ ಕಂಡುಬಂತು. ನಿರ್ದೇಶನ ಸೋಲುವುದೆಂದರೆ ಇದು.

ಅದಕ್ಕೂ ಮೊದಲು, 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ರಸ್ತೆಗಿಳಿದದ್ದು ನಿಮಗೆ ನೆನಪಿರಬೇಕು. ಅವರು ಹೊಲಿಗೆ ಯಂತ್ರದ ಮುಂದೆ ಕೂತು ಕೂಡಿಸಿದ ಪಿಎಫ್ ಹಣವನ್ನು ಬೇಕಾದಾಗ ಪೂರ್ತಿ ತೆಗೆದುಕೊಳ್ಳದಂತೆ ಹೊಸ ನಿಯಮ ಬಂದಿತ್ತು. ಅವರ ಹಣದ ಬಗ್ಗೆ ಅವರನ್ನೇ ಯಾರೂ ಕೇಳಿರಲಿಲ್ಲ, ತಿಳಿಸಿ ಹೇಳಿಯೂ ಇರಲಿಲ್ಲ. ಎರಡನೆಯ ದಿನ ಕೇಂದ್ರ ಸರಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು. ಈ ಹೆಂಗಸರನ್ನು ಯಾವ ಭಾಷಣಕಾರನೂ ಹುರಿದುಂಬಿಸಿರಲಿಲ್ಲ!

ಕಾಯ್ದೆ ಏನು ಹೇಳುತ್ತದೆ ಎಂಬುದನ್ನೂ ನೋಡೋಣ. ನಿಂತೇ ಕೆಲಸ ಮಾಡುವವರಿಗೆ ಸಮಯ ಸಿಕ್ಕಾಗ ಕೂರಲು ಅನುಕೂಲ ಮಾಡಿಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳಿತ್ತು. ಒಂದು ಸ್ಟೂಲು, ಅಷ್ಟೇ. ಅವಧಿ ಮೀರಿ ದುಡಿಸಿದರೆ ಎರಡು ಪಟ್ಟು ಕೂಲಿ ಎಂದೂ ಹೇಳಿತ್ತು. 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಅವುಗಳಲ್ಲಿಯೂ ಓಟಿಗೆ ಎರಡು ಪಟ್ಟು ಎಂಬ ಮಾತು ಉಳಿದಿದೆ. ತಿಂಗಳ ಪಗಾರ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೈಸೇರಬೇಕೆಂಬ ಮಾತೂ ಇದೆ. ಸ್ಟೂಲು ಹಾಕಿಸದೆ, ಓಟಿ ಕೊಡದೆ, ಏಳನೇ ತಾರೀಖು ದಾಟಿಸಿ, ಹತ್ತನೇ ತಾರೀಖಿಗೆ ಪ್ರೇರಣಾ ಶಿಬಿರ ಇಡುವವರನ್ನು ಏನೆಂದು ಕರೆಯೋಣ?

ಸಣ್ಣ ಶೆಡ್ಡಿನ ಮಾಲಕರು ಇಲ್ಲೊಂದು ಮಾತು ಹೇಳುತ್ತಾರೆ. “ನಮ್ಮ ಮಾಲು ತೊಗೊಂಡ ದೊಡ್ಡ ಕಂಪನಿ ಬಿಲ್ಲೇ ಕೊಟ್ಟಿಲ್ಲ, ನಾವೆಲ್ಲಿಂದ ತರೋಣರಿ?” ಅವರ ಕಷ್ಟ ಸುಳ್ಳಲ್ಲ. ಸಣ್ಣ ಉದ್ಯಮದವರಿಗೆ 45 ದಿನದೊಳಗೆ ಹಣ ಸಲ್ಲಬೇಕೆಂದು 2006ರ ಕಾಯ್ದೆಯೇ ಇದೆ, ಆದರೂ ಬಿಲ್ಲು ತಡವಾಗುತ್ತದೆ. ಆದರೆ ನಾನು ಅವರನ್ನೊಂದು ಮಾತು ಕೇಳುತ್ತೇನೆ. ಆ ದೊಡ್ಡ ಕಂಪನಿ ಬಿಲ್ಲಿನ ಬದಲು ನಿಮಗೊಂದು ಬಂಗಾರದ ಅಂಚಿನ ಸರ್ಟಿಫಿಕೇಟು ಕಳಿಸಿದರೆ ತೆಗೆದುಕೊಂಡು ಸುಮ್ಮನಿರುತ್ತೀರಾ? ನೀವು ನಮ್ಮ ಕುಟುಂಬದವರೇ ಎಂದರೆ ಬ್ಯಾಂಕಿನ ಕಂತು ತೀರುತ್ತದೆಯೇ? ನಿಮಗೆ ಸಾಲದ್ದು ನಿಮ್ಮ ಕೆಲಸಗಾರ್ತಿಗೆ ಹೇಗೆ ಸಾಕಾಗುತ್ತದೆ? ಹಣ ನಿಜವಾಗಿಯೂ ಇಲ್ಲದಿದ್ದರೆ ಎದುರಿಗೆ ನಿಂತು, ಇಂಥ ತಾರೀಖಿಗೆ ಕೊಡುತ್ತೇನೆಂದು ಹೇಳಿ, ಆ ತಾರೀಖಿಗೆ ಕೊಡಿ. ನಿಜ ಹೇಳುವುದೂ ನಿರ್ದೇಶನವೇ.

ಹೀಗೆ ನಡೆದುಕೊಂಡರೆ ಉದ್ಯಮ ಮುಳುಗುತ್ತದೆಂದು ಹೆದರುವವರು ಈ ಜಿಲ್ಲೆಯ ಒಬ್ಬ ಹಿರಿಯರನ್ನು ನೆನೆಯಬೇಕು. ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂಬಯಿಯ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾಗಿದ್ದರು. ಬರಬೇಕಾಗಿದ್ದ ಬಡ್ತಿಯನ್ನು ತಪ್ಪಿಸಿ ಆಂಗ್ಲೋ ಇಂಡಿಯನ್ ಒಬ್ಬರಿಗೆ ಕೊಟ್ಟಾಗ ನೌಕರಿ ಬಿಟ್ಟು ಬೆಳಗಾವಿಗೆ ಬಂದು ಸೈಕಲ್ ಅಂಗಡಿ ನಡೆಸಿದರು, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. ಅನ್ಯಾಯವಾದ ಮೇಲೆ ಮನಸ್ಸು ಕೆಲಸದಲ್ಲಿ ನಿಲ್ಲುವುದಿಲ್ಲವೆಂಬುದನ್ನು ಅವರು ಸ್ವಂತ ಅನುಭವದಿಂದ ಬಲ್ಲರು. 1910ರಲ್ಲಿ ಔಂಧ ಸಂಸ್ಥಾನದ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದಾಗ ಕಾರ್ಖಾನೆಯ ಜೊತೆಗೆ ಕೆಲಸಗಾರರಿಗೆ ಮನೆಗಳನ್ನೂ ಕಟ್ಟಿಸಿದರು. ಜೈಲು ಶಿಕ್ಷೆ ಮುಗಿಸಿ ಬಂದವರನ್ನು ನಂಬಿ ರಾತ್ರಿಯ ಕಾವಲಿಗೆ ಇಟ್ಟರು. ನಂಬಿಕೆಯನ್ನು ಗೋಡೆಗೆ ಬರೆಸದೆ ಕೀಲಿಕೈಯನ್ನೇ ಕೈಗೆ ಕೊಟ್ಟರು. ಆ ಉದ್ಯಮ ಮುಳುಗಲಿಲ್ಲ; ಬೆಳಗಾವಿಯ ಪೇಟೆಯ ರಸ್ತೆಯೊಂದಕ್ಕೆ ಇಂದಿಗೂ ಅವರ ಹೆಸರಿದೆ.

ಹೊಗಳಿ ದುಡಿಸುವ ಈ ವಿದ್ಯೆ ಹೆಣ್ಣುಮಕ್ಕಳಾದ ನಮಗೆ ಹೊಸದೇನಲ್ಲ. ಸೊಸೆಯನ್ನು ಅನ್ನಪೂರ್ಣೆ ಎಂದು ಹೊಗಳಿ ಕೊನೆಯ ಪಂಕ್ತಿಯಲ್ಲಿ ತಳದ ಸಾರು ಬಡಿಸಿದ ಮನೆಗಳನ್ನು ನಾವೆಲ್ಲ ಕಂಡಿದ್ದೇವೆ. ಸರಕಾರವೂ ಅದೇ ಮನೆಯ ಯಜಮಾನ. ಅಂಗನವಾಡಿಯವರಿಗೆ, ಆಶಾ ಕಾರ್ಯಕರ್ತೆಯರಿಗೆ, ಬಿಸಿಯೂಟ ಬೇಯಿಸುವವರಿಗೆ ಕೊಡುವುದನ್ನು ಪಗಾರ ಎನ್ನುವುದಿಲ್ಲ, ಗೌರವಧನ ಎನ್ನುತ್ತದೆ. ಹೆಸರಿನಲ್ಲಿ ಗೌರವ ಹೆಚ್ಚಾದಷ್ಟೂ ಧನ ಕಡಿಮೆ. ಅಂಗನವಾಡಿಯವರಿಗೂ ಗ್ರಾಚ್ಯುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟು ಹೇಳಬೇಕಾಗಿ ಬಂದದ್ದು 2022ರಲ್ಲಿ. ಕಾರ್ಖಾನೆಯ ಗೋಡೆಯ ಮೇಲೆ ಕಾಯಕದ ಮಹಿಮೆ ಬರೆಸುವವರೂ ಹೀಗೆಯೇ. ಶರಣರು ಕಾಯಕದ ಜೊತೆಗೆ ದಾಸೋಹ ಎಂಬ ಇನ್ನೊಂದು ಮಾತನ್ನೂ ಹೇಳಿದ್ದರೆಂಬುದು ಇವರಿಗೆ ಮರೆತುಹೋಗಿದೆ.

ಇದನ್ನು ಓದುತ್ತಿರುವ ಸೋದರಿಯರೇ, ಕಾರ್ಖಾನೆಯ ಮಾಲಕರಿಗೆ ಹೇಳಿದ್ದು ನಮಗೆ ಸಂಬಂಧವಿಲ್ಲವೆಂದು ತಿಳಿಯಬೇಡಿ. ನಿಮ್ಮಲ್ಲಿ ಕೆಲವರು ಹೊಲಿಗೆ ಅಂಗಡಿ ಇಟ್ಟಿದ್ದೀರಿ, ಕೆಲವರು ಶೇಂಗಾ ಹೋಳಿಗೆ, ರೊಟ್ಟಿ ಮಾಡಿಸಿ ಮಾರುತ್ತೀರಿ. ಅನೇಕರ ಮನೆಯಲ್ಲಿ ಭಾಂಡಿ ತಿಕ್ಕಲು ಒಬ್ಬಳು ಬರುತ್ತಾಳೆ. ಅವಳ ಮಟ್ಟಿಗೆ ಯಜಮಾನರು ನೀವೇ. “ಅಕಿ ನಮ್ಮನಿ ಮಗಳಿದ್ಧಂಗ ರೀ” ಎನ್ನುವವರಿಗೆ ನನ್ನ ಪ್ರಶ್ನೆಗಳು ಮೂರೇ. ಏನು ಕೆಲಸ, ಎಷ್ಟು ಹೊತ್ತು ಎಂದು ಮೊದಲೇ ಸ್ಪಷ್ಟವಾಗಿ ಹೇಳಿದ್ದೀರಾ? ಮಾತಾಡಿದ ಹಣ ಮಾತಾಡಿದ ತಾರೀಖಿಗೆ ಅವಳ ಕೈಗೆ ಬರುತ್ತದೆಯೇ? ಜ್ವರ ಬಂದ ದಿನ ರಜೆಗೆ ಪಗಾರ ಹಿಡಿಯುತ್ತೀರಾ?

ಈ ಮೂರಕ್ಕೂ ಸರಿಯಾದ ಉತ್ತರವಿದ್ದವರು ಧಾರಾಳವಾಗಿ ಹೊಗಳಲಿ. ಒಳ್ಳೆಯ ಕೆಲಸಕ್ಕೆ ಒಳ್ಳೆಯ ಮಾತು ಸಲ್ಲಲೇಬೇಕು. ತರಗತಿಯಲ್ಲಿ ಶಾಭಾಸ್ ಎಂದ ಕೂಡಲೇ ಅರಳುವ ಮುಖಗಳನ್ನು ನಾನು ದಿನಾ ನೋಡುತ್ತೇನೆ. ಉತ್ತರವಿಲ್ಲದವರು ಮಾತ್ರ ಹೊಗಳಿಕೆಯನ್ನು ಸದ್ಯಕ್ಕೆ ತಡೆದಿಟ್ಟು, ಮೊದಲು ಬಾಕಿ ತೀರಿಸಲಿ.